ಮಣ್ಣು ನುಂಗಿದ ವಿಷ

ಜಾಡಿಯಲ್ಲಿ ತೇಲುತ್ತಿದ್ದ ನೀರುಗಿಡಗಳು ಇವತ್ತೂ ಹಸಿರಾಗಿಯೇ ಇದ್ದದ್ದನ್ನು ಕಂಡು ಸ್ಲಾವಿತ್ಸಾ ಬಗ್ಗಿ ಮತ್ತೊಮ್ಮೆ ನೋಡಿದಳು. ಜೊತೆ ಸಂಶೋಧಕಿ ದೆಸಾಂಕಾಳ ಪ್ರಯೋಗ ಕೆಡಲೆಂದು, ಹೊಟ್ಟೆಕಿಚ್ಚು ತಡೆಯಲಾರದೆ, ನಿನ್ನೆ ಸಂಜೆ ಅದಕ್ಕೆ ಮೊದಲು ಹಾಕಿದ್ದಷ್ಟೇ ಮೈಲುತುತ್ತವನ್ನು ಮತ್ತೆ ಸುರಿದವಳು ಅವಳೇ. ತಳದ ಜೇಡಿಮಣ್ಣು ಆ ವಿಷವನ್ನೂ ನುಂಗಿ ಸುಮ್ಮನೆ ಕೂತಿತ್ತು. ಪಕ್ಕದಲ್ಲಿ, ವಿಷ ಹೀರಲೆಂದು ಮಣ್ಣಿನ ಬದಲು ಇದ್ದಿಲು ಹಾಕಿದ್ದ ಸ್ಲಾವಿತ್ಸಾಳ ಸ್ವಂತ ಜಾಡಿಯ ಗಿಡಗಳು ಮೊದಲಿನ ಅಳತೆಗೇ ಬಿಳಿಚಿ ಸತ್ತಿದ್ದವು.

“ನೋಡ್ದ್ಯೇನೇ, ನನ್ನ ಮಣ್ಣು ಗೆದ್ದುಬಿಡ್ತು!” ದೆಸಾಂಕಾ ಲೋಟಗಳಿಗೆ ರಾಕಿಯಾ, ಪ್ಲಮ್ ಹಣ್ಣಿನ ಬ್ರಾಂದಿ, ಬಗ್ಗಿಸಿದಳು. ನೋವಿ ಸಾದ್ ಊರಿನ ಆ ಪ್ರಯೋಗಾಲಯದಲ್ಲಿ ಗೆದ್ದವರೇ ಕುಡಿಸಬೇಕೆಂಬುದು ರೂಢಿ. “ಎರಡು ಪಟ್ಟು ವಿಷ ಹಾಕಿದ್ರೂ ತಡ್ಕೊಳ್ತಿತ್ತೋ ಏನೋ, ಯಾರಿಗ್ಗೊತ್ತು!”

ಗೊತ್ತಿದ್ದವಳು ಲೋಟ ಎತ್ತಿದಳು.

“ಕಣ್ಣಲ್ಲಿ ಕಣ್ಣಿಟ್ಟು ತಾಗಿಸೇ, ಇಲ್ದಿದ್ರೆ ಅಪಶಕುನ!”

ಲೋಟಗಳು ತಾಗಿದವು. ಸ್ಲಾವಿತ್ಸಾಳ ಕಣ್ಣು ಮಾತ್ರ ಆ ಹಸಿರು ಬಿಟ್ಟು ಮೇಲೇಳಲಿಲ್ಲ.