ಎರಡು ಹರಳು, ಒಂದು ಮನೆ

ಟ್ಯಾಮ್‌ಸಿನ್ ಹಿಡಿದಿದ್ದ ಕಡ್ಡಿಯ ತುದಿಗೆ ಅರಗಿನಿಂದ ಅಂಟಿಸಿದ್ದ ಹರಳು ಚಿಮ್ಮಿ, ತಗಡಿನ ಗೋಡೆಗೆ ಟಣ್ಣೆಂದು ಬಡಿದು, ವೆನ್ನಾಳ ಚಹಾದ ಕಪ್ಪಿನೊಳಗೆ ಬಿತ್ತು.

"ನಂಗೆ ಸಕ್ಕರೆ ಬೇಡ ಅಂದಿದ್ದೆ," ಎಂದಳು ವೆನ್ನಾ.

ಪಕ್ಕದ ಮೆರುಗಿನ ಚಕ್ರದ ಮುಂದೆ ಕೂತಿದ್ದ ಹೆಡ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕ. ವೆನ್ನಾ ಅವನ ಅಕ್ಕ. ಟ್ಯಾಮ್‌ಸಿನ್ ಅವನು ಶನಿವಾರ ಮದುವೆಯಾಗಲಿರುವ ಹೆಂಗಸು. ಅವನಿಗೆ ಅರವತ್ತೆಂಟು, ಅವಳಿಗೆ ಅರವತ್ತಾರು. ಅಜ್ಜನ ಕಾಲದಿಂದಲೂ ಲಿಜರ್ಡ್ ಎಂಬ ಕಡಲಂಚಿನ ಊರಿನ ಈ ಶೆಡ್ಡಿನಲ್ಲಿ ಹೆಡ್ಲಿಯ ಮನೆಯವರು ಕೆಂಪು ಹಸಿರಿನ ಸರ್ಪೆಂಟೈನ್ ಕಲ್ಲನ್ನು ಕಡೆಯುತ್ತ ಬಂದವರು. ಟ್ಯಾಮ್‌ಸಿನ್ ಇಪ್ಪತ್ತೇಳು ವರ್ಷ ಹೆಲ್ಸ್ಟನ್ ಪೇಟೆಯ ಬಸ್ಸು ಓಡಿಸಿ ನಿವೃತ್ತಳಾಗಿ, ಹೋದ ವರ್ಷ ಕೆಲಸ ಕಲಿಯಲೆಂದು ಇಲ್ಲಿಗೆ ಬಂದಿದ್ದಳು. ಕಲಿತದ್ದು ಅಷ್ಟಕ್ಕಷ್ಟೆ. ಈಗ ಇಬ್ಬರೂ ಒಂದೇ ಕಲ್ಲನ್ನು ಸೀಳಿ, ಗುಬ್ಬಿಯ ಮೊಟ್ಟೆಯನ್ನು ಅರ್ಧಕ್ಕೆ ಕೊಯ್ದಂತೆ ಒಂದೊಂದು ಹರಳು ಕಡೆದುಕೊಂಡಿದ್ದರು. ಅವಳು ಮೆರುಗು ಕೊಟ್ಟದ್ದು ಅವನ ಉಂಗುರಕ್ಕೆ, ಅವನದು ಅವಳ ಉಂಗುರಕ್ಕೆ. ಜೊತೆಗೊಂದು ಪಂದ್ಯ: ಯಾರು ಮೆರುಗು ಕೊಟ್ಟ ಹರಳು ಹೆಚ್ಚು ಹೊಳೆಯುತ್ತದೋ ಅವರ ಮನೆಯಲ್ಲೇ ಸಂಸಾರ. ಕಡಲ ಬಂಡೆಯ ಮೇಲಿನ ಅವನ ಮನೆಯೋ, ಹೆಲ್ಸ್ಟನ್ನಿನ ಅವಳ ಮನೆಯೋ ಎಂದು ನಾಲ್ಕು ತಿಂಗಳು ಜಗಳಾಡಿದರೂ ತೀರ್ಮಾನವಾಗಿರಲಿಲ್ಲ.

ಟ್ಯಾಮ್‌ಸಿನ್ ಚಮಚದಲ್ಲಿ ಹರಳನ್ನೆತ್ತಿ ಅಂಗಿಯ ತುದಿಗೆ ಒರೆಸಿ ಬೆಳಕಿಗೆ ಹಿಡಿದಳು. ಮುಖ ಸಪ್ಪಗಾಯಿತು. ಮೆದು ಕಲ್ಲಿನ ಪಾಡೇ ಅಷ್ಟು. ಗಟ್ಟಿ ಎಳೆಗಳು ಎದ್ದು ನಿಲ್ಲುತ್ತವೆ, ಮೆತ್ತನೆಯವು ಸವೆದು ಕುಳಿ ಬೀಳುತ್ತವೆ. ಹರಳಿನ ಮೈ ಕಿತ್ತಳೆ ಸಿಪ್ಪೆಯ ಹಾಗಾಗಿತ್ತು.

"ನೀನು ಹೆದ್ದಾರೀಲಿ ಬಸ್ ಓಡಿಸ್ತಿದ್ದೀಯ," ಎಂದ ಹೆಡ್ಲಿ. "ಇಷ್ಟು ಸ್ಪೀಡಲ್ಲಿ ಹೋದ್ರೆ ಯಾವ ಕಲ್ಲು ತಡ್ಕೊಳ್ಳುತ್ತೆ?"

"ಹಾಗಾದ್ರೆ ಹೇಗೆ ಅಂತ ಹೇಳು."

"ಹೇಳಲ್ಲ. ಪಂದ್ಯ ಅಂದ್ರೆ ಪಂದ್ಯ."

"ಅತ್ತಿಗೆ, ನೋಡಿ ನಿಮ್ಮ ತಮ್ಮನ್ನ!"

"ಅತ್ತಿಗೆ ಆಗೋದು ಶನಿವಾರ. ಇವತ್ತು ನಾನು ಬರೀ ಜಡ್ಜು," ಎಂದು ವೆನ್ನಾ ಚಹಾದ ಜೊತೆಗಿದ್ದ ಕೇಸರಿ ಹಾಕಿದ ಬನ್ನಿನ ಇನ್ನೊಂದು ತುಂಡು ಮುರಿದಳು.

ಟ್ಯಾಮ್‌ಸಿನ್ ಹರಳನ್ನು ಮತ್ತೆ ಅರಗಿನಲ್ಲಿ ಕಡ್ಡಿಗೆ ಕೂರಿಸಿದಳು. ನುಣುಪು ಕಾಗದದಿಂದ ಮೊದಲಿಂದ ಉಜ್ಜಿ, ಎದ್ದಿದ್ದ ಎಳೆಗಳನ್ನೆಲ್ಲ ಮಟ್ಟ ಮಾಡಿಕೊಂಡಳು. ಆಮೇಲೆ ಚಕ್ರದ ವೇಗವನ್ನು ತೀರಾ ತಗ್ಗಿಸಿ, ಅದಕ್ಕೆ ಹೊದಿಸಿದ್ದ ಚರ್ಮದ ಒರಟು ಮಗ್ಗುಲಿಗೆ ಮೆರುಗು ಕೊಡುವ ತವರದ ಬಿಳಿ ಪುಡಿಯನ್ನು ಒಂದೇ ಬೆರಳು ಸವರಿ, ಎರಡು ಹನಿ ನೀರು ಚಿಮುಕಿಸಿದಳು. ಒತ್ತಲಿಲ್ಲ. ಹರಳನ್ನು ಸುಮ್ಮನೆ ತಾಗಿಸಿದಳು. ಹಿಡಿಯುವುದು, ತಿರುಗಿಸುವುದು, ತೆಗೆಯುವುದು. ಬಿಸಿಯಾಯಿತೇ ಎಂದು ಕೆನ್ನೆಗೆ ಇಟ್ಟು ನೋಡುವುದು. ಚರ್ಮದ ಪಸೆ ಇನ್ನೇನು ಆರಿತು ಅನ್ನುವಾಗ ಅದು ಹರಳನ್ನು ಮೆಲ್ಲಗೆ ಕಚ್ಚಿ ಎಳೆಯಿತು. ಕುಂಯ್ ಎಂದು ಸಣ್ಣ ಸದ್ದಾಯಿತು. ಅವಳು ಎತ್ತಿ ನೋಡಿದಳು.

"ಅಯ್ಯಯ್ಯೋ! ಅಯ್ಯೋ ಕಿಟಕಿ! ಕಿಟಕಿ ಇದರೊಳಗೇ ಕಾಣ್ತಿದೆ!"

ಸ್ಟೂಲು ಉರುಳಿತು. ಟ್ಯಾಮ್‌ಸಿನ್ ಕಡ್ಡಿಯನ್ನು ತಲೆಯ ಮೇಲೆತ್ತಿ ಹಿಡಿದು ಶೆಡ್ಡಿನ ಉದ್ದಕ್ಕೂ ಕುಣಿದಳು, ವೆನ್ನಾಳನ್ನು ಬನ್ನಿನ ಸಮೇತ ಎಬ್ಬಿಸಿ ಒಂದು ಸುತ್ತು ಸುತ್ತಿಸಿದಳು. ಬಿಳಿ ಪುಡಿ ಇಬ್ಬರ ಮೂಗಿಗೂ ಮೆತ್ತಿತು. "ಬಿಡೇ, ನನ್ನ ಮಂಡಿ!" ಎಂದು ಕೂಗಿದ ವೆನ್ನಾ ತಾನೇ ಎರಡನೆಯ ಸುತ್ತು ಹಾಕಿದಳು. ಹೆಡ್ಲಿ ತನ್ನ ಹರಳನ್ನು ಚಕ್ರಕ್ಕೆ ತಾಗಿಸಿಯೇ ಹಿಡಿದು ಬಾಯಿ ತೆರೆದು ಅವಳನ್ನೇ ನೋಡುತ್ತಿದ್ದ. ಸುಟ್ಟ ವಾಸನೆ ಬಂದಾಗಲೇ ಅವನಿಗೆ ಎಚ್ಚರ.

ಅವನ ಹರಳಿನ ಹಸಿರಿನ ನಟ್ಟನಡುವೆ ಹೆಸರು ಕಾಳಿನಷ್ಟು ಬಿಳಿಯ ಕಲೆ ಎದ್ದಿತ್ತು. ನೀರು ಚಿಮುಕಿಸುವುದನ್ನು ಮರೆತಿದ್ದ. ವೆನ್ನಾ ಎರಡೂ ಹರಳುಗಳನ್ನು ಬಾಗಿಲ ಬೆಳಕಿಗೆ ಒಯ್ದಳು.

"ಇದ್ರಲ್ಲಿ ನನ್ನ ಗಲ್ಲದ ಕೂದಲು ಕೂಡ ಕಾಣುತ್ತೆ. ಟ್ಯಾಮ್‌ಸಿನ್ ಗೆದ್ಲು. ಲೋ ಹೆಡ್ಲಿ, ಗಂಟು ಮೂಟೆ ಕಟ್ಟು."

ಟ್ಯಾಮ್‌ಸಿನ್ ಸುಟ್ಟ ಹರಳನ್ನು ಅವಳಿಂದ ಕೈಗೆ ತೆಗೆದುಕೊಂಡಳು. ಮುಖದ ನಗು ನಿಂತಿತು. "ಬೇಕಂತಲೇ ಸೋತೆಯಾ?"

"ಬೇಕಂತಲಾ?" ಹೆಡ್ಲಿಯ ಕಿವಿಗಳು ಕೆಂಪಾದವು. "ಐವತ್ತು ವರ್ಷದಲ್ಲಿ ಒಂದೇ ಒಂದು ಕಲ್ಲು ಸುಟ್ಟಿಲ್ಲ ನಾನು. ಅಪ್ಪ ಸತ್ತ ವಾರಾನೂ ಸುಟ್ಟಿಲ್ಲ. ನೀನು ಹಾಗೆ ಕುಣೀತಾ ಇದ್ರೆ ನೀರಿನ ನೆನಪು ಯಾವನಿಗೆ ಇರುತ್ತೆ? ಹೋಗ್ಲಿ, ಹೆಲ್ಸ್ಟನ್ನಿಂದ ದಿನಾ ಬೆಳಿಗ್ಗೆ ಬಸ್ಸಲ್ಲಿ ಬರ್ತೀನಿ. ಆ ಸುಟ್ಟದ್ದನ್ನ ಇಲ್ಲಿ ಕೊಡು. ಶನಿವಾರದೊಳಗೆ ಬೇರೆ ಕಡೆದುಕೊಡ್ತೀನಿ."

ಅವನು ಕೈ ಚಾಚಿದ. ಟ್ಯಾಮ್‌ಸಿನ್ ಸುಟ್ಟ ಹರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು, ಆ ಕೈಯನ್ನು ಬೆನ್ನ ಹಿಂದೆ ಒಯ್ದಳು.

"ಈ ಊರಿನ ಅಂಗಡಿ ತುಂಬ ನೀನು ಒಂದೂ ತಪ್ಪಿಲ್ಲದೆ ಕಡೆದ ಕಲ್ಲುಗಳೇ ಇವೆ," ಎಂದಳು. "ನೀನು ತಲೆ ಕೆಟ್ಟು ಮಾಡಿದ್ದು ಇದೊಂದೇ. ಇದು ನಂದು."