ಹತ್ತಿರದ ಹತ್ತು

"ಅಳಿಸು ಅದನ್ನ" ಎಂದು ಲೆಕ್ಕದ ಮೇಡಂ ಡಸ್ಟರ್ ಚಾಚಿದರು. ಕೊನೆ ಬೆಂಚಿನ ಹುಡುಗಿ ಸೀಮೆಸುಣ್ಣದ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡಳು. ಬೋರ್ಡಿನ ಮೇಲೆ '44, ಅಂದಾಜು 40' ಎಂದಿದ್ದುದನ್ನು ಅವಳು ಈಗಷ್ಟೇ 50 ಎಂದು ತಿದ್ದಿದ್ದಳು.

"ಬಿಡಿ ಸ್ಥಾನದಲ್ಲಿ ಐದಕ್ಕಿಂತ ಕಡಿಮೆ ಇದ್ರೆ ಕೆಳಗಿನ ಹತ್ತಕ್ಕೆ ಇಳಿಸಿ ಅಂತ ಎಷ್ಟು ಸಲ ಬಡ್ಕೊಂಡಿದೀನಿ?"

"ಅದು ಪರೀಕ್ಷೆಗೆ, ಮೇಡಂ. ನಮ್ಮ ಕ್ಲಾಸಿಗೆ ಪುಸ್ತಕ ತರಿಸುವಾಗ್ಲೂ ಹಾಗೇ ಇಳಿಸಿ ಬರೆದ್ರಲ್ಲ!"

ಕ್ಲಾಸಿನ ನಲವತ್ನಾಲ್ಕು ಮಕ್ಕಳಿಗೆ ಬೆಳಿಗ್ಗೆ ಬಂದ ಕಟ್ಟಿನಲ್ಲಿ ಇದ್ದದ್ದು ನಲವತ್ತೇ ಪುಸ್ತಕ. ಹಂಚುತ್ತಾ ಕೊನೆ ಬೆಂಚಿಗೆ ಬರುವಷ್ಟರಲ್ಲಿ ಮುಗಿದಿತ್ತು.

"ಅಂದಾಜು ಅಂದ್ಮೇಲೆ ಸ್ವಲ್ಪ ಹೆಚ್ಚುಕಮ್ಮಿ ಆಗತ್ತೆ. ಹೊಂದ್ಕೊಂಡು ಓದಿ."

"ಐವತ್ತು ತರಿಸಿ ಆರು ಪುಸ್ತಕ ಮಿಕ್ಕಿದ್ರೆ ಬೀರೂಲಿ ಇಡಬಹುದಿತ್ತು. ಈಗ ಮಿಕ್ಕಿರೋ ನಾಲ್ಕು ಜನರನ್ನ ಎಲ್ಲಿ ಇಡ್ತೀರಿ, ಮೇಡಂ?"

ಡಸ್ಟರ್ ಮೇಡಂ ಕೈಯಲ್ಲೇ ಉಳಿಯಿತು. ಕೊನೆ ಬೆಂಚಿನಲ್ಲಿ ಉಳಿದ ಮೂವರೂ ಎದ್ದು ನಿಂತರು.