ನಕಲು ಮಾಡಿದ ಸಾಲು

ಜನ ತಾವಾಗಿ ಅಳುವುದನ್ನು ಮರೆತು ಎಷ್ಟೋ ಕಾಲವಾಗಿತ್ತು. ಯಾರಾದರೂ ಸತ್ತರೆ ಮನೆಯ ಕಂಪ್ಯೂಟರಿನ ಸ್ಕ್ರಿಪ್ಟಿನಲ್ಲಿ ಒಂದು ಸಾಲು ಬರೆದು, ಹೊರಗಿನ ಕೋಡ್ ಲೈಬ್ರರಿಯಲ್ಲಿರುವ, ಅಳು ತರಿಸುವ ಫಂಕ್ಷನ್ನನ್ನು ಕರೆಯಬೇಕು. ಸತ್ತವರ ಹೆಸರು ಕೊಡಬೇಕು, ಅವರು ತಮಗೇನಾಗಬೇಕೆಂದು ತಿಳಿಸಬೇಕು. ಒಂದು ಸಾವಿಗೆ ಒಂದೇ ಕರೆ.

ತೀರಿಕೊಂಡ ಮಗಳು ವೈಜಯಂತಿಯನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ತಾಯಿ ಪ್ರೇಮಲತಾ ಒಳಗೆ ಕಂಪ್ಯೂಟರಿನ ಮುಂದೆ ಕೂತಿದ್ದಳು.

"ವೈನಿ, ಲಗೂ ಅಳು ಕರೀರಿ. ಮಣ್ಣು ಮಾಡಾಕ ಹೊತ್ತಾತು," ಎಂದಳು ನಾದಿನಿ ಸಾವಂತ್ರಿ.

ಹೊಸದಾಗಿ ಬರೆಯಲು ಕೈ ಏಳಲಿಲ್ಲ. ಹಿಂದೆ ಆಫೀಸಿನ ಸಾಹೇಬರ ತಾಯಿ ತೀರಿಕೊಂಡಾಗ ಬರೆದ ಸಾಲು ಅಲ್ಲೇ ಇತ್ತು. ಎಲ್ಲರೂ ಮಾಡುವಂತೆ ಅದನ್ನೇ ನಕಲು ಮಾಡಿ, ಆ ಹೆಸರು ಅಳಿಸಿ, ವೈಜಯಂತಿ ಎಂದು ಬರೆದು ಎಂಟರ್ ಒತ್ತಿದಳು.

ಅಳು ಬಂತು. ಸೆರಗಿನ ತುದಿ ತಾನಾಗಿ ಕಣ್ಣಿಗೆ ಹೋಯಿತು, ಎರಡು ಹನಿ ಇಳಿದವು. "ಪಾಪ, ಭಾಳ ಛಲೋ ಜೀವ ಇತ್ರಿ," ಎಂದಿತು ಅವಳ ಬಾಯಿ. ಅಷ್ಟಕ್ಕೇ ಅಳು ನಿಂತುಹೋಯಿತು.

ಪ್ರೇಮಲತಾ ತೆರೆ ನೋಡಿದಳು. ಹೆಸರಿನ ಮುಂದೆ 'ಪರಿಚಯದವರು' ಎಂಬುದು ಹಾಗೇ ಉಳಿದಿತ್ತು. ಅದನ್ನು 'ಮಗಳು' ಎಂದು ತಿದ್ದಿ ಮತ್ತೆ ಒತ್ತಿದಳು, ಕೀಲಿ ಮುರಿಯುವ ಹಾಗೆ ಒತ್ತಿದಳು. ಈ ಹೆಸರಿಗೆ ಅತ್ತು ಮುಗಿದಿದೆ ಎಂದು ತೆರೆ ಹೇಳುತ್ತಲೇ ಇತ್ತು.

"ಬರ್ರಿ ವೈನಿ, ಒಮ್ಮೆ ಮಾರಿ ನೋಡ್ರಿ. ಎತ್ತಾಕತ್ತಾರ."

ಎದೆಯೊಳಗೆ ಕಲ್ಲಿನಂಥದೇನೋ ಕಟ್ಟಿಕೊಂಡಿತ್ತು. ಅದಕ್ಕೆ ಹೊರಬರುವ ದಾರಿ ಗೊತ್ತಿರಲಿಲ್ಲ. ಪಡಸಾಲೆಗೆ ಬಂದ ಪ್ರೇಮಲತಾ ಒಣಗಣ್ಣಿನಿಂದ ಮಗಳ ಮುಖ ನೋಡಿ, ಕೈಮುಗಿದು, ಹೊರುವವರಿಗೆ ದಾರಿ ಬಿಟ್ಟು ಪರಿಚಯದವರ ಸಾಲಿನಲ್ಲಿ ನಿಂತಳು.